ಪರವಾಗಿ ಮಾತಾಡುವವರು

ಕಾಗದಪತ್ರಗಳಲ್ಲಿ ಒಂದು ಜಾಗ ಬಿಟ್ಟು ಉಳಿದದ್ದೆಲ್ಲ ತುಂಬಿ ಆಯಿತು ಎಂದು ವಕೀಲೆ ಫೋನಿನಲ್ಲಿ ಹೇಳಿದಾಗ ಅವಳ ಕೈಯಲ್ಲಿ ಯಾರದೋ ಕೆಳದವಡೆಯಿತ್ತು. ಪ್ಲಾಸ್ಟರಿನದು, ಇನ್ನೂ ಸ್ವಲ್ಪ ಹಸಿ, ಅದರ ಮೇಲೆ ಮೇಣದ ದಿಂಡು, ದಿಂಡಿನಲ್ಲಿ ಒಂದೊಂದಾಗಿ ಕೂರಿಸುತ್ತಾ ಬಂದ ಹಲ್ಲುಗಳು ಮುಂಭಾಗಕ್ಕೆ ಬಂದು ನಿಂತಿದ್ದವು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ಯಾವ ಜಾಗ?" ಎಂದು ಕೇಳಿದಳು, ಯಾವುದೆಂದು ಚೆನ್ನಾಗಿ ಗೊತ್ತಿದ್ದೂ. "ಅದೇ ಮೇಡಂ, ನಿಮಗೆ ಮಾತಾಡೋಕೆ ಆಗದೆ ಇರೋ ಪರಿಸ್ಥಿತಿ ಬಂದ್ರೆ ನಿಮ್ಮ ಪರವಾಗಿ ಡಾಕ್ಟರ ಹತ್ರ ಮಾತಾಡೋರು. ಯೋಚನೆ ಮಾಡಿ ಹೇಳ್ತೀನಿ ಅಂದಿದ್ರಿ. ಬುಧವಾರ ಎಲ್ಲಾ ಸಹಿ ಮಾಡ್ಸಿ ಮುಗಿಸಿಬಿಡೋಣ ಅಂತ. ಬರೀ ಹೆಸರು ಸಾಲದು, ಅವರೂ ಬರ್ಬೇಕು. ಒಪ್ಪಿಗೆ ಇದೆ ಅಂತ ಅವರದ್ದೂ ಸಹಿ ಬೇಕು." "ಹೇಳ್ತೀನಿ," ಎಂದು ಫೋನಿಟ್ಟಳು. ಇಟ್ಟ ಮೇಲೆ ನೋಡಿದರೆ ಹೆಬ್ಬೆರಳು ಮುಂದಿನ ಹಲ್ಲೊಂದನ್ನು ಮೇಣದೊಳಕ್ಕೆ ಮುಳುಗುವಷ್ಟು ಒತ್ತಿಬಿಟ್ಟಿತ್ತು.

ಹಲ್ಲು ಕಿತ್ತು, ಚಾಕುವಿನ ತುದಿಯನ್ನು ದೀಪಕ್ಕೆ ಹಿಡಿದು, ಮೇಣ ಕರಗಿಸಿ ಮತ್ತೆ ಕೂರಿಸಿದಳು. ಈ ದವಡೆ ಯಾರದೋ ಗೊತ್ತಿಲ್ಲ. ಯಾರದೂ ಗೊತ್ತಿರುವುದಿಲ್ಲ. ದಂತವೈದ್ಯರು ಅಚ್ಚು ಕಳಿಸುತ್ತಾರೆ, ಜೊತೆಗೆ ವಯಸ್ಸು, ಗಂಡೋ ಹೆಣ್ಣೋ, ಹಲ್ಲಿನ ಬಣ್ಣ; ಇವಳು ಮನೆಯ ಕೆಳಗಿನ ಈ ಕೋಣೆಯಲ್ಲಿ ಕೂತು ಪೂರಾ ಸೆಟ್ಟು ಮಾಡಿ ಕಳಿಸುತ್ತಾಳೆ. ಊರಿನಲ್ಲಿ ಎಷ್ಟೋ ಜನ ಇವಳು ಮಾಡಿದ ಹಲ್ಲಿನಲ್ಲಿ ಅಗಿಯುತ್ತಾರೆ, ಸೊಸೆಯನ್ನು ಬೈಯುತ್ತಾರೆ, ಮೊಮ್ಮಕ್ಕಳಿಗೆ ಮುತ್ತು ಕೊಡುತ್ತಾರೆ. ಅಷ್ಟು ಬಾಯಿಗಳಲ್ಲಿ ನನ್ನ ಪರವಾಗಿ ಮಾತಾಡಲು ಒಂದು ಬಾಯಿ ಇಲ್ಲವಲ್ಲ ಎಂದು ಯೋಚನೆ ಬಂತು, ಬಂದ ಕೂಡಲೇ ನಾಚಿಕೆಯಾಯಿತು. ಒಬ್ಬರೇ ಇರುವವರಿಗೆ ಇಂಥ ಜಾಣ ಮಾತುಗಳು ಹೊಳೆಯುತ್ತಲೇ ಇರುತ್ತವೆ, ಕೇಳಿ ನಗುವವರು ಯಾರೂ ಇರುವುದಿಲ್ಲ, ಹೊಳೆದದ್ದು ಬಾಯೊಳಗೇ ಹುಳಿಯಾಗುತ್ತದೆ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಜೋಡಿ ಜೋಡಿಯಾಗಿ ನಿಂತ್ಕೊಳ್ಳಿ ಎಂದು ಸೀಟಿ ಊದುತ್ತಿದ್ದರು. ಎಲ್ಲರೂ ಯಾರದೋ ಕೈ ಹಿಡಿದು ಓಡುತ್ತಿದ್ದರು. ಇವಳು ಬೂಟಿನ ಲೇಸು ಕಟ್ಟುವವಳ ಹಾಗೆ ಬಗ್ಗಿಬಿಡುತ್ತಿದ್ದಳು, ಯಾರೂ ಕರೆಯದೇ ಉಳಿದದ್ದು ಲೇಸಿನಿಂದಾಗಿ ಎಂದು ಕಾಣಲಿ ಅಂತ. ಈಗ ಬಗ್ಗೋಣವೆಂದರೆ ವಕೀಲೆ ಬುಧವಾರ ಎಂದುಬಿಟ್ಟಿದ್ದಾಳೆ.

ವಕೀಲೆ ಚಿಕ್ಕ ವಯಸ್ಸಿನವಳು. ಗುಣವಾಗದ, ಹಾಗಂತ ಬೇಗ ಮುಗಿಸಿಯೂ ಬಿಡದ ಕಾಯಿಲೆಯವರ ಆಸ್ತಿಪಾಸ್ತಿಯನ್ನೇ ನೋಡಿಕೊಳ್ಳುವವಳು. ಸಾವಿನ ವಿಷಯವನ್ನು ಪ್ರವಾಸಕ್ಕೆ ಟಿಕೆಟ್ ಬುಕ್ ಮಾಡಿಸುವವರ ಹಾಗೆ ಮಾತಾಡುತ್ತಾಳೆ, ಅದು ಇವಳಿಗೆ ಹಿಡಿಸಿತ್ತು. ಇವಳು ಮೊದಲ ದಿನ ಹೋಗಿ, ಎಲ್ಲಾ ತಮ್ಮನ ಮಗಳಿಗೆ ಬರೆದುಬಿಡಿ ಎಂದಾಗ ವಕೀಲೆ ಪೆನ್ನು ಕೆಳಗಿಟ್ಟು ಹೇಳಿದ್ದಳು: "ಹಂಗೆ ಮಾಡ್ಬೇಡಿ ಮೇಡಂ. ನಿಮ್ಮಂಥೋರು ಎಲ್ಲಾ ಕೊಟ್ಟು ಕೈ ತೊಳ್ಕೊಂಡ್ಬಿಡ್ತಾರೆ, ಆಮೇಲೆ ಹದಿನೈದು ವರ್ಷ ಬದುಕ್ತಾರೆ. ನಮಗೆ ಬರೋ ದೊಡ್ಡ ತಲೆನೋವೇ ಅದು. ಮೊದ್ಲು ನಿಮ್ಮ ಔಷಧಿ, ನಿಮ್ಮ ಓಡಾಟ, ನಿಮ್ಮನ್ನ ನೋಡ್ಕೊಳ್ಳೋರ ಸಂಬಳ. ಅದಕ್ಕೆ ಅಂತ ಬೇರೆ ಖಾತೆ. ಉಳಿದ್ರೆ ಉಳಿದೋರಿಗೆ." ಹಾಗೇ ಆಯಿತು. ಮನೆ ತಮ್ಮನ ಮಗಳಿಗೆ, ಅದೂ ಇವಳು ಹೋದ ಮೇಲೆ. ಕೆಳಗಿನ ಕೋಣೆಯ ಸಾಮಾನು ಹಲ್ಲು ಕಟ್ಟುವುದನ್ನು ಕಲಿಸುವ ಶಾಲೆಗೆ. ಇವಳ ಕೈಯಲ್ಲಿ ಸಹಿ ಆಗದ ದಿನ ಬ್ಯಾಂಕಿಗೆ ಹೋಗುವುದಕ್ಕೆ ವಕೀಲರ ಕಚೇರಿಯವರು. ಎಲ್ಲಾ ಸರಾಗ. ಕೊನೆಗೆ ವಕೀಲೆ, "ಡಾಕ್ಟರು ಇನ್ನು ಪ್ರಯೋಜನ ಇಲ್ಲ ಅಂದಾಗ, ಮಶೀನು ನಿಲ್ಲಿಸಿ ಅಂತ ಹೇಳೋರು ಯಾರು? ತಮ್ಮ ಇದಾರಲ್ವಾ?" ಎಂದು ಕೇಳಿದಳು. "ಇದಾನೆ," ಎಂದಳು ಇವಳು. ಅಷ್ಟು ಹೇಳಿ, ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಾ ಕೂತುಬಿಟ್ಟಳು. "ದುಡ್ಡು ಬರೆಯೋಕೆ ಎಲ್ಲರಿಗೂ ಯಾರಾದ್ರೂ ಸಿಗ್ತಾರೆ ಮೇಡಂ," ಎಂದಳು ವಕೀಲೆ ಮೆತ್ತಗೆ, "ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ."

ತಮ್ಮ ಹೇಳಲಾರ. ಅದು ಇವಳಿಗೆ ತನ್ನ ಹೆಸರಿನಷ್ಟು ಖಚಿತ. ಆಸ್ಪತ್ರೆಗೆ ಇವಳ ಹಾಗೇ ಡಯಾಲಿಸಿಸ್‌ಗೆ ಬಂದು ಮೂಲೆಯ ಕುರ್ಚಿಯಲ್ಲಿ ಮಲಗುತ್ತಿದ್ದ ಹೆಡ್‌ಮಾಸ್ಟರರನ್ನು ನೋಡಿದ್ದಾಳೆ. ಪ್ರಜ್ಞೆ ತಪ್ಪಿದ ಮೇಲೂ ಮೂಗಿಗೆ ಗಂಟಲಿಗೆ ನಳಿಕೆ ಹಾಕಿ ವಾರಗಟ್ಟಲೆ ಮಲಗಿಸಿದ್ದರು, ಮಕ್ಕಳಲ್ಲಿ ಒಬ್ಬರಿಗೂ ಸಾಕು ಎನ್ನುವ ಧೈರ್ಯವಿರಲಿಲ್ಲ, ಹೊರಗೆ ಮೊಗಸಾಲೆಯಲ್ಲಿ ನೀನು ಹೇಳು ನೀನು ಹೇಳು ಎಂದು ಜಗಳವಾಡುತ್ತಿದ್ದರು. ಆಗ ಪಕ್ಕದ ಕುರ್ಚಿಯಿಂದ ಹರಾಜಣ್ಣ ಹೇಳಿದ್ದ ಮಾತು ಇವಳ ತಲೆಯಲ್ಲಿ ಉಳಿದುಬಿಟ್ಟಿತ್ತು: "ಎಷ್ಟೊತ್ತು ಅಂತ ಕೂಗ್ತಾ ಇರ್ತಾರೆ. ಎಲ್ಲಾದ್ರೂ ಒಂದು ಕಡೆ ಮೂರನೇ ಸಾರಿ ಅನ್ಲೇಬೇಕಲ್ಲ." ಹರಾಜಣ್ಣ ಎಂದರೆ ಹರಾಜು ಕೂಗುತ್ತಿದ್ದವನು, ಮೂವತ್ತು ವರ್ಷ ಅದೇ ಕಸುಬು, ದಿವಾಳಿಯಾದವರ ಅಂಗಡಿ, ಸತ್ತವರ ಮೇಜು ಕುರ್ಚಿ. ವಾರಕ್ಕೆ ಮೂರು ದಿನ ಇವಳ ಪಕ್ಕದಲ್ಲೇ ಮಲಗುತ್ತಾನೆ. ಅವನ ನಿಜವಾದ ಹೆಸರು ಇವಳಿಗೆ ಗೊತ್ತಿಲ್ಲ, ಅವನು ಇವಳನ್ನು ಹಲ್ಲಮ್ಮ ಎನ್ನುತ್ತಾನೆ. ಆದರೆ ಅವನಿಗೆ ಯಾವ ತೋಳಿನ ಯಾವ ಜಾಗದಲ್ಲಿ ಸೂಜಿ ಚುಚ್ಚಿದರೆ ಹಲ್ಲು ಕಚ್ಚುತ್ತಾನೆ, ರಕ್ತದ ಒತ್ತಡ ಇಳಿದರೆ ಯಾವ ಕಾಲು ಮೊದಲು ಸೆಳೆಯುತ್ತದೆ ಎಲ್ಲಾ ಇವಳಿಗೆ ಗೊತ್ತು. ಗಂಡ ಹೆಂಡಿರಿಗೂ ಇಷ್ಟು ಗೊತ್ತಿರಲಿಕ್ಕಿಲ್ಲ ಎಂದು ಒಮ್ಮೆ ಅನ್ನಿಸಿ, ಅವತ್ತಿಡೀ ಅವನ ಕಡೆ ತಿರುಗದೆ ಗೋಡೆ ನೋಡಿಕೊಂಡು ಮಲಗಿದ್ದಳು.

ಇವತ್ತು ಅವನನ್ನು ಕೇಳಿಬಿಡುವುದು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ವಾಕ್ಯವನ್ನು ಸಿದ್ಧ ಮಾಡಿಕೊಂಡಳು. ನಿಮಗೆ ತೊಂದರೆ ಇಲ್ಲ ಅಂದ್ರೆ. ಅಲ್ಲ, ಬೇಡ ಅನ್ನೋಕೆ ಸಂಕೋಚ ಪಡ್ಬೇಡಿ. ಅದೂ ಅಲ್ಲ. ಐವತ್ತೆರಡು ವಯಸ್ಸಿನಲ್ಲಿ ಹುಡುಗನನ್ನು ಮೊದಲು ತಾನೇ ಹೋಗಿ ಕೇಳುವ ಹುಡುಗಿಯ ಹಾಗೆ ಎದೆ ಹೊಡೆದುಕೊಳ್ಳುತ್ತಿದ್ದುದು ಅವಳಿಗೇ ತಮಾಷೆಯಾಗಿ ಕಂಡಿತು. ಕೇಳುವುದೋ, ನನ್ನನ್ನು ಕೊಲ್ಲುವ ಮಾತು ಹೇಳ್ತೀರಾ ಅಂತ.

ಡಯಾಲಿಸಿಸ್ ಕೋಣೆಯಲ್ಲಿ ಎಂದಿನ ಚಳಿ, ಎಂದಿನ ಔಷಧಿಯ ಹುಳಿವಾಸನೆ. ತೂಕ ನೋಡಿದ ಸಿಸ್ಟರ್, "ಏನು ಮೇಡಂ, ಬಾವಿ ಕುಡಿದು ಬಂದಿದೀರಾ?" ಎಂದಳು ಎಲ್ಲರಿಗೂ ಕೇಳುವ ಹಾಗೆ. ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದವಳ ಹಾಗೆ ಇವಳು ತಲೆ ತಗ್ಗಿಸಿದಳು. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳೆದುಕೊಟ್ಟ ನೀರು ಸಾಲದೆ ನಿನ್ನೆ ಸಂಜೆ ನಲ್ಲಿಯ ಕೆಳಗೆ ಬಾಯಿಟ್ಟು ಕುಡಿದದ್ದು, ಲೋಟದಲ್ಲಿ ಕುಡಿದರೆ ಲೆಕ್ಕಕ್ಕೆ ಸಿಗುತ್ತದೆ ಎಂದು ಯಾರಿಗೋ ಹೆದರಿದವಳ ಹಾಗೆ, ಮನೆಯಲ್ಲಿ ಯಾರಿದ್ದಾರೆ ಅಂತ. ಬಾಗಿಲ ಹತ್ತಿರದ ಕುರ್ಚಿ ಖಾಲಿಯಿತ್ತು. ಯಾರೂ ಯಾಕೆ ಅಂತ ಕೇಳಲಿಲ್ಲ. ಇಲ್ಲಿ ಖಾಲಿ ಕುರ್ಚಿಯ ಬಗ್ಗೆ ಕೇಳಬಾರದು, ಯಾರೂ ಹೇಳಿಕೊಟ್ಟದ್ದಲ್ಲ, ಬಂದ ಮೊದಲ ವಾರದಲ್ಲೇ ಎಲ್ಲರಿಗೂ ತಿಳಿದುಬಿಡುತ್ತದೆ. ಇದಕ್ಕೆಂದೇ ಆಪರೇಷನ್ ಮಾಡಿ ಕೈಯಲ್ಲಿ ಉಬ್ಬಿಸಿದ ನರಕ್ಕೆ ಸೂಜಿಗಳು ಇಳಿದು, ಮಶೀನು ತಿರುಗಲು ಶುರುವಾಗಿ, ತನ್ನದೇ ರಕ್ತ ನಳಿಕೆಯಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುತ್ತಾ ಸ್ವಲ್ಪ ಹೊತ್ತು ಮಲಗಿದಳು.

"ಹರಾಜಣ್ಣ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿ ಹಲ್ಲಮ್ಮ. ಎಲ್ಲಿಗೆ ಓಡಿಹೋಗ್ತೀನಿ, ಕಟ್ಟಿಹಾಕಿದಾರೆ."

ಬಸ್ಸಿನಲ್ಲಿ ಮಾಡಿಕೊಂಡ ವಾಕ್ಯ ಒಂದೂ ನೆನಪಿಗೆ ಬರಲಿಲ್ಲ. ವಕೀಲೆ, ಖಾಲಿ ಜಾಗ, ಬುಧವಾರ, ಎಲ್ಲ ಹಿಂದು ಮುಂದಾಗಿ ಬಂತು. ಅವನು ಚಾವಣಿ ನೋಡುತ್ತಾ ಕೇಳಿಸಿಕೊಂಡ. ಆಮೇಲೆ ಅವನ ಹೊಟ್ಟೆ ಕುಲುಕಿತು, ನಗುತ್ತಿದ್ದಾನೆಂದು ಗೊತ್ತಾಯಿತು.

"ನೀವೂನಾ?"

"ನೀವೂ ಅಂದ್ರೆ?"

"ಆ ಕಿಟಕಿ ಪಕ್ಕದ ಬ್ಯಾಂಕಿನವ್ರು ಕೇಳಿದ್ರು. ಹೂಂ ಅಂದೆ. ಬೆಳಗಿನ ಬ್ಯಾಚಿನ ಲಾರಿ ಡ್ರೈವರು ಕೇಳಿದ. ಇನ್ನೊಬ್ಬರು ಟೀಚರಮ್ಮ. ನೀವು ನಾಲ್ಕನೆಯವ್ರು. ಇನ್ಮೇಲೆ ಬೋರ್ಡು ಹಾಕ್ಕೊಂಡು ಕೂರ್ಬೇಕು ನಾನು."

ನಾಲ್ಕನೆಯವಳು. ಮುಖಕ್ಕೆ ಬಿಸಿ ನೀರು ಎರಚಿದ ಹಾಗಾಯಿತು. ಮಶೀನು ಬೀಪ್ ಎಂದಿತು, ಸಿಸ್ಟರ್ ಬಂದು, ಕೈ ಅಲ್ಲಾಡಿಸ್ಬೇಡಿ ಎಂದು ಗದರಿ ಹೋದಳು. ಹೌದಲ್ಲ, ಅವನ ಕಾಲು ಸೆಳೆಯುವುದು ಕಿಟಕಿ ಪಕ್ಕದವರಿಗೂ ಕಾಣುತ್ತದೆ. ತನಗೆ ಮಾತ್ರ ಎಂದು ಯಾಕೆ ಅಂದುಕೊಂಡೆ. ಏನಾದರೂ ಮಾತಾಡಬೇಕೆಂದು, "ನೀವೇ ಕಾಯಿಲೆಯವ್ರಲ್ವಾ, ಅವರ ವಕೀಲರು ಒಪ್ಪಿದ್ರಾ?" ಎಂದಳು.

"ಬೈದ್ರಂತೆ. ಮುಳುಗೋ ದೋಣೀಲಿ ಕೂತ್ಕೊಂಡು ಪಕ್ಕದೋನ್ನ ನಿಂಗೆ ಈಜು ಬರುತ್ತಾ ಅಂತ ಕೇಳ್ತೀರಲ್ರೀ ಅಂತ. ಅದಕ್ಕೇ ಎರಡನೇ ಹೆಸರು ಅಂತ ಒಂದು ಹಾಕ್ಸಿರ್ತಾರೆ, ನಾನು ಮುಂಚೆ ಗೋತಾ ಹೊಡೆದ್ರೆ ಇರ್ಲಿ ಅಂತ."

"ನಿಮಗೆ ಕಷ್ಟ ಅನ್ಸಲ್ವಾ, ಹಂಗೆ ಹೇಳೋದು?"

"ಏನು ಕಷ್ಟ? ಸಾಮಾನು ಬೇರೆಯವರದ್ದಾದ್ರೆ ಸುತ್ತಿಗೆ ಸಲೀಸಾಗಿ ಇಳಿಯುತ್ತೆ ಹಲ್ಲಮ್ಮ. ನಮ್ಮಪ್ಪನ ಅಂಗಡಿ ಹರಾಜಿಗೆ ಬಂದಾಗ ನಾನು ಕೂಗ್ಲಿಲ್ಲ, ಗಂಟಲೇ ಏಳ್ಲಿಲ್ಲ, ಇನ್ನೊಬ್ರನ್ನ ಕರೆಸಿದ್ರು. ನಿಮಗೂ ನಮಗೂ ಏನು? ಕೊಡೋದಿಲ್ಲ, ತಗೊಳ್ಳೋದಿಲ್ಲ. ಬರ್ಕೊಳ್ಳಿ ನನ್ನ ಹೆಸರು, ಆರಾಮಾಗಿ ಹೇಳ್ಬಿಡ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ಹೆಚ್ಚು ಚುಚ್ಚಿತು. ಆರಾಮಾಗಿ. ಇವಳಿಗೆ ಬೇಕಾಗಿದ್ದದ್ದೂ ಅದೇ ಅಲ್ಲವೆ, ಅಳದೆ ಕರೆಯದೆ, ಮೊಗಸಾಲೆಯಲ್ಲಿ ಜಗಳವಿಲ್ಲದೆ ಹೇಳುವವರು; ಸಿಕ್ಕಿತಲ್ಲ, ಯಾಕೆ ಕಣ್ಣು ಉರಿಯಬೇಕು. ತನ್ನನ್ನು ಕೂಗಿ, ಎರಡು ಸಾರಿ ಎಂದು, ಮೂರನೆಯದಕ್ಕೆ ಸುತ್ತಿಗೆ ಇಳಿಸಿ, ಮುಂದಿನ ಸಾಮಾನಿಗೆ ಕೈ ಚಾಚುವ ಅವನನ್ನು ಕಂಡಳು. ಅವನ ಕಡೆ ತಿರುಗಿ ಕೇಳಿದಳು, "ನಿಮ್ಮದಕ್ಕೆ ಯಾರ ಹೆಸರು ಹಾಕ್ಸಿದೀರಾ?"

"ಮಗಳದ್ದು."

"ಅವರು ಗಟ್ಟಿಗರಾ?"

"ಅಯ್ಯೋ, ಅವಳ ಕೈಲಿ ಆಗುತ್ತಾ? ಜ್ವರ ಬಂದ್ರೆ ನನಗಿಂತ ಮುಂಚೆ ಅವಳು ಮಲಗ್ತಾಳೆ. ಡಾಕ್ಟರ ತಲೆ ತಿಂದು, ಅತ್ತು ಕರೆದು, ನನ್ನನ್ನ ಇನ್ನೊಂದು ತಿಂಗಳು ಗೋಳುಹುಯ್ಕೊಂಡೇ ಬಿಡೋದು ಅವಳು."

"ಗೊತ್ತಿದ್ದೂ?"

"ಗೊತ್ತಿದ್ದೂ," ಎಂದು ಹರಾಜಣ್ಣ ಕಣ್ಣು ಮುಚ್ಚಿಕೊಂಡ. "ಅಳೋರು ಒಬ್ರು ಬೇಡ್ವಾ?"

ಅದರ ಮೇಲೆ ಅವನು ಗೊರಕೆ ಹೊಡೆದ. ಇವಳು ಎಚ್ಚರವಾಗಿದ್ದಳು. ಆರು ವರ್ಷದ ಹಿಂದಿನ ಆ ಸಂಜೆ ತಾನಾಗಿ ಬಂದು ಹೊದಿಕೆಯ ಮೇಲೆ ಕೂತಿತು. ಮೂತ್ರಪಿಂಡ ತಾನೇ ಕೊಡುತ್ತೇನೆಂದು ತಮ್ಮ ಮನೆಯವರೆಲ್ಲರ ಎದುರಿಗೆ ಹೇಳಿದ್ದ, ಅವನ ಹೆಂಡತಿ ಒಳಗೆ ಎದ್ದು ಹೋಗಿದ್ದಳು. ಹೊಂದುತ್ತದೋ ಇಲ್ಲವೋ ನೋಡಲು ರಕ್ತ ಕೊಡುವ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಫೋನು: ನಿಮ್ಮ ತಮ್ಮ ಬರಲೇ ಇಲ್ಲ ಮೇಡಂ, ಬೇರೆ ದಿನ ಕೊಡೋಣವಾ? ಬೇಡ ಎಂದಿದ್ದಳು. ಅವನಿಗೆ ಏನೂ ಹೇಳ್ಬೇಡಿ ಎಂದೂ ಅಂದಿದ್ದಳು. ಸಂಜೆ ತಮ್ಮ ಬಂದು, ಚಪ್ಪಲಿ ಬಿಡುವಾಗಲೇ ಅಳುತ್ತಾ, "ಹೊಂದಲಿಲ್ಲ ಅಕ್ಕ," ಎಂದ. ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕೂದಲು ನೇವರಿಸಿದಳು. ಆ ಕಣ್ಣೀರು ಸುಳ್ಳಲ್ಲ, ಅದೂ ಗೊತ್ತು, ಸೀರೆ ಒದ್ದೆಯಾಗಿತ್ತು. ಅವತ್ತೇ, ನೇವರಿಸುತ್ತಿದ್ದ ಕೈಯ ಕೆಳಗೆ, ತಾನು ಯಾವುದೋ ಒಂದನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗೆ ಅನ್ನಿಸಿತ್ತು. ಆಮೇಲೆ ಪ್ರತಿ ಭಾನುವಾರ ಅವನ ಮನೆಗೆ ಊಟಕ್ಕೆ. ಅವನು ಎದ್ದು ಬೆನ್ನಿಗೆ ದಿಂಬು ತರುತ್ತಾನೆ, ಫ್ಯಾನಿನ ಕೆಳಗಿನ ಕುರ್ಚಿ ಬಿಡಿಸಿಕೊಡುತ್ತಾನೆ, ತಿನ್ನಬಾರದೆಂದು ಗೊತ್ತಿದ್ದೂ ಮರೆತು ಕಿತ್ತಳೆ ತಂದು ನಾಲಿಗೆ ಕಚ್ಚಿಕೊಳ್ಳುತ್ತಾನೆ. ಟೀವಿಯಲ್ಲಿ ಯಾರಾದರೂ ಸುಳ್ಳು ಎಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಚಾನೆಲ್ ಬದಲಾಯಿಸುತ್ತಾನೆ. ಅವನು ಬಾಗಿದಷ್ಟೂ ಇವಳೊಳಗೆ ಯಾರೋ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಕ್ಷಮಿಸಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕ್ಷಮಿಸಿದವರು ಬೀಗದ ಕೈ ಸೊಂಟದಲ್ಲಿಟ್ಟುಕೊಂಡು ತಿರುಗುತ್ತಾರೆಯೆ? ಅವನು ನನ್ನ ಪರವಾಗಿ ಸಾಕು ಎನ್ನಲಾರ. ಒಮ್ಮೆ ನನ್ನನ್ನು ಬಿಟ್ಟುಹೋದವನು ಎರಡನೇ ಸಾರಿ ಹೇಗೆ ಬಿಟ್ಟಾನು? ಹಾಗೆ ಮಾಡಿಟ್ಟವಳು ನಾನೇ.

ಹೊರಗೆ ಬಂದರೆ ತಮ್ಮ ಕಾದಿದ್ದ. ಡ್ರೈವಿಂಗ್ ಕಲಿಸುವುದು ಅವನ ಕೆಲಸ, ನೆತ್ತಿಯ ಮೇಲೆ ಬೋರ್ಡು ಹೊತ್ತ ಪುಟ್ಟ ಕಾರು, ಕಲಿಸುವವನ ಕಾಲಿಗೂ ಒಂದು ಬ್ರೇಕು. ಪಾಠವಿಲ್ಲದ ದಿನ ಬಂದು ಮನೆಗೆ ಬಿಡುತ್ತಾನೆ. ಬ್ಯಾಗು ಕಿತ್ತುಕೊಂಡು, ಬಾಗಿಲು ತೆಗೆದು, ಬೆಲ್ಟು ತಾನೇ ಹಾಕಿದ. "ಸುಸ್ತಾ? ಮುಖ ಸುಣ್ಣ ಆಗಿದೆ. ಇವತ್ತು ಜಾಸ್ತಿ ನೀರು ತೆಗೆದ್ರಾ? ಬೆಳಗ್ಗೆ ಒಬ್ರು ಹೆಂಗಸು ಕಲಿಯೋಕೆ ಬಂದಿದ್ರು ನೋಡು, ಗೇರ್ ಹಾಕಿ ಅಂದ್ರೆ ಕೈ ಮುಗೀತಾರೆ." ಅವನು ಹೀಗೇ ಮಾತಾಡುತ್ತಾನೆ, ಇವಳ ಜೊತೆ ಮೌನ ಎಂದರೆ ಅವನಿಗೆ ಭಯ. ಹೆದ್ದಾರಿ ದಾಟಿ ಟೈರು ಅಂಗಡಿಗಳ ಸಾಲಿಗೆ ಬಂದಾಗ ಇವಳು, "ಪುಟ್ಟ, ಗಾಡಿ ಪಕ್ಕಕ್ಕೆ ಹಾಕು," ಎಂದಳು.

"ಯಾಕೆ, ವಾಂತಿನಾ?"

"ಅಲ್ಲ. ಮಾತಾಡ್ಬೇಕು. ಬುಧವಾರ ವಕೀಲರ ಹತ್ರ ಸಹಿ ಇದೆ."

"ಮನೆ ವಿಷಯ ಎಲ್ಲಾ ನನ್ಹತ್ರ ಎತ್ಬೇಡ ಅಕ್ಕ. ಯಾರಿಗೆ ಬೇಕಾದ್ರೂ ಬರಿ. ನಾವು ಅದಕ್ಕೆ ಬರ್ತೀವಿ ಅನ್ಕೊಂಡಿದೀಯಾ?"

"ಮನೆ ನಿನ್ನ ಮಗಳಿಗೆ, ಬರೆದಾಯ್ತು. ಇದು ಬೇರೆ." ಹೇಳಿದಳು. ಹೇಳುತ್ತಿದ್ದಂತೆ ಅವನು ಸ್ಟೀರಿಂಗಿನ ಮೇಲೆ ಬಿದ್ದಿರದ ಧೂಳನ್ನು ಅಂಗೈಯಿಂದ ಒರೆಸತೊಡಗಿದ.

"ಮನೆ ನನ್ನ ಮಗಳಿಗೆ, ನಿನ್ನನ್ನ ಸಾಯಿಸೋ ಮಾತು ನನ್ನ ಬಾಯಲ್ಲಿ. ಜನ ಏನಂತಾರೆ ಅಕ್ಕ? ಬೇರೆ ಯಾರೂ ಸಿಗ್ಲಿಲ್ವಾ?"

"ಸಿಕ್ಕಿದಾರೆ. ಆರಾಮಾಗಿ ಹೇಳ್ತೀನಿ ಅಂದ್ರು. ನನಗೆ ಅದು ಬೇಡ."

"ನನ್ನ ಕೈಲಾಗಲ್ಲ. ನಾನು ಹೆಂಗೆ... ಬೇರೆ ಯಾರಾದ್ರೂ ಅನ್ಬಹುದು, ನಾನು ಅನ್ನೋ ಹಂಗಿಲ್ಲ."

"ಯಾಕೆ ಅನ್ನೋ ಹಂಗಿಲ್ಲ ಅಂತ ನನಗೆ ಗೊತ್ತು ಪುಟ್ಟ. ನೀನು ಅವತ್ತು ರಕ್ತ ಕೊಡೋಕೆ ಹೋಗಿರ್ಲಿಲ್ಲ."

ಪಕ್ಕಕ್ಕೆ ನಿಲ್ಲಿಸುವಾಗ ಹಾಕಿದ ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಿಂತ ಗಾಡಿಯಲ್ಲಿ ಅವನ ಕಾಲು ಬ್ರೇಕನ್ನು ತಳಕ್ಕೆ ಒತ್ತಿ ಹಿಡಿದಿತ್ತು. ಟೈರು ಅಂಗಡಿಯವನು ಏನು ಬೇಕು ಎನ್ನುವ ಹಾಗೆ ಬಗ್ಗಿ ನೋಡಿ ಹೋದ.

"ಯಾವಾಗ ಗೊತ್ತಾಯ್ತು?"

"ಅವತ್ತೇ. ನೀನು ಬರೋಕ್ಕೆ ಮುಂಚೆ ಫೋನ್ ಬಂದಿತ್ತು."

"ಅಂದ್ರೆ ನಾನು ಅಳ್ತಿದ್ದಾಗ..."

"ಗೊತ್ತಿತ್ತು."

ಅವನು ಕಾಲು ಹಿಡಿಯುತ್ತಾನೆ ಎಂದುಕೊಂಡಿದ್ದಳೇ? ಏನೋ ಅಂಥದ್ದನ್ನೇ. ಹೋಗಲಿ ಬಿಡೋ ಎನ್ನಲು ನಾಲಿಗೆ ಸಿದ್ಧವಾಗಿತ್ತು, ನೇವರಿಸಲು ಕೈ ಸಿದ್ಧವಾಗಿತ್ತು. ಅವನು ತಿರುಗಿದಾಗ ಕಂಡ ಮುಖವನ್ನು ಅವಳು ಚಿಕ್ಕಂದಿನಿಂದ ನೋಡಿರಲಿಲ್ಲ.

"ಆರು ವರ್ಷ," ಎಂದ. "ಭಾನುವಾರ ಭಾನುವಾರ ಬಂದು ನನ್ನ ಮುಖ ನೋಡ್ಕೊಂಡು ಊಟ ಮಾಡಿದ್ಯಲ್ಲ ಅಕ್ಕ. ಒಂದು ಸಾರಿ ಬೈದಿದ್ರೆ ಆಗ್ತಿತ್ತು. ಚಪ್ಪಲಿ ತಗೊಂಡು ಹೊಡೆದಿದ್ರೆ ಮುಗೀತಿತ್ತು. ಗೇಟ್ ತನಕ ಹೋಗಿದ್ದೆ ಕಣೆ ಅವತ್ತು. ಆಸ್ಪತ್ರೆ ಗೇಟಲ್ಲಿ ನಿಂತು ನಿಂತು, ಕಾಲು ಒಳಗೆ ಹೋಗ್ಲಿಲ್ಲ. ಅದನ್ನ ಯಾರಿಗೆ ಹೇಳ್ಲಿ? ನಿನಗೆ ಹೇಳೋಣ ಅಂತ ಎಷ್ಟು ಸಾರಿ ಬಾಯಿಗೆ ಬಂದಿದೆ. ನೀನು ದಿಂಬು ಕೊಡು ಪುಟ್ಟ ಅಂತಿದ್ದೆ. ನಾನು ಒದ್ದಾಡೋದು ನೋಡೋಕೆ ಚೆನ್ನಾಗಿತ್ತಾ?"

ಇಲ್ಲ ಎನ್ನಬೇಕಿತ್ತು. ಇಲ್ಲ ಎನ್ನುವುದೇ ಮರ್ಯಾದೆ. ಹೊಲಿಗೆಯ ಬುಟ್ಟಿಯಲ್ಲಿ ಸೂಜಿ ಹುಡುಕುವವಳ ಹಾಗೆ ತನ್ನೊಳಗೆ ಕೈಯಾಡಿಸಿದಳು, ಇಲ್ಲ ಎಂಬುದು ಎಲ್ಲೂ ಸಿಗಲಿಲ್ಲ.

"ಹೂಂ," ಎಂದಳು. "ಚೆನ್ನಾಗಿತ್ತು."

ಅವನು ಕಾರಿನಿಂದ ಇಳಿದು, ಬಾಗಿಲು ಹಾಕದೆ, ಟೈರುಗಳ ರಾಶಿಯ ಪಕ್ಕ ಬೆನ್ನು ಮಾಡಿ ನಿಂತ. ನೆತ್ತಿಯ ಕೂದಲು ಉದುರಿದ್ದನ್ನು ಇವಳು ಗಮನಿಸಿರಲೇ ಇಲ್ಲ. ವಾಪಸು ಬಂದು ಗಾಡಿ ಓಡಿಸಿದ, ತಿರುವುಗಳಲ್ಲೆಲ್ಲ ನಿಯಮದ ಪ್ರಕಾರ ಕೈ ತೋರಿಸುತ್ತಾ, ಕಲಿಯುವವರು ಪಕ್ಕದಲ್ಲಿ ಕೂತಿದ್ದಾರೆಂಬಂತೆ. ಮನೆಯ ಮುಂದೆ ಬೆಲ್ಟು ಇವಳೇ ಬಿಚ್ಚಿಕೊಂಡಳು. "ಬುಧವಾರ ಹತ್ತೂವರೆಗೆ," ಎಂದಳು ಕಿಟಕಿಯಲ್ಲಿ ಬಗ್ಗಿ. ಅವನು ಎದುರಿಗಿನ ರಸ್ತೆಯನ್ನೇ ನೋಡುತ್ತಿದ್ದ.

ಭಾನುವಾರ ಅವನು ಕರೆಯಲಿಲ್ಲ. ಇವಳು ಸೀರೆ ಉಟ್ಟು, ಮಧ್ಯಾಹ್ನದವರೆಗೆ ಕೂತಿದ್ದು, ಸೀರೆ ಬಿಚ್ಚಿ ಮಡಿಸಿಟ್ಟು, ಕೆಳಗಿಳಿದು ಹೋಗಿ ಯಾರದೋ ಮೇಲ್ದವಡೆಗೆ ಹೊಳಪು ಕೊಟ್ಟಳು. ಅವರಿಬ್ಬರ ನಡುವೆ ಇದ್ದದ್ದು ಅದೊಂದೇ ಆಗಿದ್ದರೆ, ಅವನ ತಪ್ಪು ಮತ್ತು ಇವಳ ಬೀಗ ಅಷ್ಟೇ ಆಗಿದ್ದರೆ, ಅದನ್ನು ತೆಗೆದ ಮೇಲೆ ಒಳಗೆ ಏನಿದೆ? ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ನೀರು ಮಿತಿಮೀರಿ ಕುಡಿದಳು, ಲೋಟದಲ್ಲಿಯೇ. ಸೋಮವಾರ ಡಯಾಲಿಸಿಸ್ ಮುಗಿಸಿ ಗೇಟಿನ ಹತ್ತಿರ ನಿಂತು ಬೋರ್ಡು ಹೊತ್ತ ಕಾರುಗಳು ಎರಡು ಹೋಗುವುದನ್ನು ನೋಡಿದಳು, ಎರಡೂ ಬೇರೆಯವರದು, ಬಸ್ಸು ಹತ್ತಿದಳು. ಹರಾಜಣ್ಣ ಮಾತ್ರ, "ಏನು, ನನ್ನ ಹೆಸರು ಬರೆಸಿದ್ರಾ?" ಎಂದು ಕೇಳಿದ್ದ. "ಬೇಡ ಹರಾಜಣ್ಣ, ನಿಮಗೇ ರಷ್ಷು," ಎಂದಾಗ ಗಹಗಹಿಸಿ ನಕ್ಕಿದ್ದ. ಅವನು ನಕ್ಕದ್ದರಿಂದ ಅವತ್ತಿನ ಮಧ್ಯಾಹ್ನ ಸ್ವಲ್ಪ ಬೇಗ ಕಳೆದಿತ್ತು.

ವಕೀಲೆಯ ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಪ್ರತಿ ತಿರುವಿನಲ್ಲೂ ನಿಂತು ಉಸಿರು ಹಿಡಿದುಕೊಂಡು ಹತ್ತಿದಳು, ಬೇಗ ಬಂದುಬಿಟ್ಟಳು. ಹತ್ತೂವರೆ ಆಯಿತು, ದಾಟಿತು. ವಕೀಲೆ ಉಳಿದ ಸಹಿಗಳನ್ನೆಲ್ಲ ಮಾಡಿಸಿಕೊಂಡಳು, ಮನೆ, ಖಾತೆ, ಸಾಮಾನು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಬಾಗಿಲ ಕಡೆ ನೋಡಿದಳು. "ಇನ್ನೊಂದು ಸ್ವಲ್ಪ ನೋಡೋಣ ಮೇಡಂ. ಬರದೇ ಇದ್ರೆ ಖಾಲಿ ಬಿಟ್ಟೂ ಮುಗಿಸಬಹುದು. ಆಗ ಡಾಕ್ಟರೇ ನಿರ್ಧಾರ ಮಾಡ್ತಾರೆ." ಆರು ವರ್ಷದ ಹಿಂದೆಯೂ ಆಸ್ಪತ್ರೆಯಲ್ಲಿ ಯಾರೋ ಒಬ್ಬರು ಸಿರಿಂಜು ತೆಗೆದಿಟ್ಟುಕೊಂಡು ಹೀಗೇ ಬಾಗಿಲು ನೋಡಿರಬೇಕು. ಅವನು ಈಗ ಕೆಳಗೆ ಗೇಟಿನಲ್ಲಿ ನಿಂತಿರಬಹುದು. ಕಿಟಕಿಯಿಂದ ಬಗ್ಗಿ ನೋಡಿದರೆ ಕಾಣಬಹುದು. ಅವಳು ಏಳಲಿಲ್ಲ. ನೋಡಬಾರದು ಎನ್ನಿಸಿತು, ಗೇಟಿನಲ್ಲಿ ನಿಂತವರನ್ನು ಮೇಲಿಂದ ನೋಡುವುದು ಇನ್ನು ಸಾಕು. ಕೈಯನ್ನು ಕೈಯಲ್ಲಿಟ್ಟುಕೊಂಡು, ಉಬ್ಬಿದ ನರದೊಳಗಿನ ಗುಂಯ್ ಎಂಬ ಸದ್ದನ್ನು ಬೆರಳಲ್ಲಿ ಕೇಳುತ್ತಾ ಕೂತಳು.

ತಮ್ಮ ಒಳಗೆ ಬಂದಾಗ ಏದುಸಿರು ಬಿಡುತ್ತಿರಲಿಲ್ಲ, ಅಂದರೆ ಓಡಿ ಬಂದವನಲ್ಲ. ಇವಳ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯದರಲ್ಲಿ ಕೂತ. ವಕೀಲೆ ಎಲ್ಲವನ್ನೂ ವಿವರಿಸಿದಳು, ಯಾವಾಗ, ಯಾರು ಕೇಳಿದಾಗ, ಎಷ್ಟು ಜನ ಡಾಕ್ಟರು ಒಪ್ಪಿದ ಮೇಲೆ. "ಇನ್ನೊಂದು ಸರ್, ಮನೆ ನಿಮ್ಮ ಮಗಳಿಗೆ ಇರೋದ್ರಿಂದ ನಾಳೆ ಯಾರಾದ್ರೂ ಏನಾದ್ರೂ ಅನ್ಬಹುದು."

"ಅನ್ಲಿ," ಎಂದ. ಆಮೇಲೆ, "ನಾನು ಹೇಳೋ ಹೊತ್ತಿಗೆ ಇವಳಿಗೆ ಎಚ್ಚರ ಇರುತ್ತಾ?"

"ಇರಲ್ಲ ಸರ್. ಎಚ್ಚರ ಇದ್ರೆ ಅವರನ್ನೇ ಕೇಳ್ತಾರೆ."

"ಆಮೇಲೆ?"

"ಆಮೇಲೆ ಅಂದ್ರೆ?"

"ಆಮೇಲೆ ಇವಳು ನನ್ನ ಮುಖ ನೋಡ್ಕೊಂಡು ಕೂತಿರಲ್ಲ ತಾನೆ?"

ವಕೀಲೆ ಏನೂ ಅರ್ಥವಾಗದೆ ಇವಳ ಕಡೆ ತಿರುಗಿದಳು. ಇವಳು ನಡುವಿನ ಖಾಲಿ ಕುರ್ಚಿಯನ್ನು ನೋಡುತ್ತಾ, "ಇಲ್ಲ ಪುಟ್ಟ," ಎಂದಳು. "ಇರಲ್ಲ."

ಅವನು ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ಹಾಕಿಬಿಟ್ಟ. ವಕೀಲೆ ಹೊಸ ಹಾಳೆ ತೆಗೆಸಿಕೊಂಡು ಬಂದಳು. ಎರಡನೇ ಸಾರಿ ಬೆರಳಿಟ್ಟು ತೋರಿಸಿದ ಕಡೆ ನಿಧಾನವಾಗಿ, ಪೂರ್ತಿ ಹೆಸರು ಬರೆದ. ಎದ್ದು, ವಕೀಲೆಗೆ ಕೈ ಮುಗಿದು, ಇವಳ ಬ್ಯಾಗಿನ ಕಡೆ ನೋಡದೆ ಹೊರಗೆ ಹೋದ.

ಅವಳು ಮೆಟ್ಟಿಲ ಹತ್ತಿರ ಬರುವ ಹೊತ್ತಿಗೆ ಅವನು ಕೆಳಗಿನ ತಿರುವು ತಲುಪಿದ್ದ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮೊದಲಾಗಿದ್ದರೆ ಓಡಿ ಬಂದು ತೋಳು ಹಿಡಿಯುತ್ತಿದ್ದ. ತಿರುವಿನಲ್ಲಿ ಅವನ ಬೆನ್ನು ನಿಂತಿತ್ತು, ಗೋಡೆಯ ಕಡೆ ಮುಖ. ಅವಳ ಚಪ್ಪಲಿಯ ಸದ್ದು ಅಲ್ಲಿಗೆ ಮುಟ್ಟಿದ ಕೂಡಲೇ, ತಿರುಗಿ ನೋಡದೆ, ಮುಂದಿನ ಮೆಟ್ಟಿಲುಗಳನ್ನು ಇಳಿದ. ಇಳಿದು, ಅದರ ಕೆಳಗಿನ ತಿರುವಿನಲ್ಲಿ ಮತ್ತೆ ನಿಂತ.